ಬೀಗದವರ ದುಃಖ

ಉಸಿರು ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ ಎಂದು ಹೇಳುತ್ತ ಅವಳು ಮಲಗಿದವರ ನಡುವೆ ಬರಿಗಾಲಲ್ಲಿ ನಡೆಯುತ್ತಿದ್ದಳು. ಹನ್ನೊಂದು ಚಾಪೆ, ಹನ್ನೊಂದು ಎದೆ. ಮೊದಲೆಲ್ಲ ಮುಖ ನೋಡುತ್ತಿದ್ದಳು, ಹುಬ್ಬಿನ ಗಂಟು ಯಾವಾಗ ಸಡಿಲವಾಗುತ್ತದೆ, ಕಚ್ಚಿಹಿಡಿದ ದವಡೆ ಯಾವಾಗ ಬಿಡುತ್ತದೆ ಎಂದು. ಐದು ವಾರದಿಂದ ಎದೆಯನ್ನೇ ನೋಡುತ್ತಿದ್ದಾಳೆ. ಏರಿತೆ, ಇಳಿಯಿತೆ, ಮತ್ತೆ ಏರಿತೆ. ಯಾರದಾದರೂ ಏರುವುದು ಒಂದು ಗಳಿಗೆ ತಡವಾದರೆ ಅವಳ ಎಣಿಕೆ ತಪ್ಪಿ, ಐದಾದ ಮೇಲೆ ಮತ್ತೆ ಐದು ಎಂದುಬಿಡುತ್ತಾಳೆ. ಕಣ್ಣು ಮುಚ್ಚಿದವರಿಗೆ ಅದು ತಿಳಿಯುವುದಿಲ್ಲ. ತಿಳಿದರೂ ಇದೂ ಪಾಠದ ಒಂದು ಭಾಗವಿರಬೇಕು ಎಂದುಕೊಂಡು, ಎರಡು ಐದು ಮುಗಿಯುವ ತನಕ ಪಾಪ ಉಸಿರು ಬಿಡುತ್ತಲೇ ಇರುತ್ತಾರೆ. ಅದೇ ಅವಳಿಗೆ ಹೆದರಿಕೆ. ತಾನು ಏನು ಹೇಳಿದರೂ ಈ ಜನ ಮಾಡುತ್ತಾರೆ. ಬಾಗಿಲು ಕಿರುಗುಟ್ಟಿದ್ದು ಆಗ. ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಒಳಗೆ ಬಂದು, ತಡವಾದದ್ದಕ್ಕೆ ಕ್ಷಮೆ ಕೇಳುವವರ ಹಾಗೆ ಭುಜ ಕುಗ್ಗಿಸಿ, ಗೋಡೆಗೆ ಆನಿಸಿಟ್ಟಿದ್ದ ಚಾಪೆಯೊಂದನ್ನು ತೆಗೆದುಕೊಂಡು, ಮೂರನೇ ಸಾಲಿನ ಕಿಟಕಿ ಪಕ್ಕದ ಖಾಲಿ ಜಾಗದಲ್ಲಿ ಹಾಸಿ ಮಲಗಿದಳು. ಅಲ್ಲಿ ಬೇಡ ಎನ್ನಲು ಎಣಿಸುತ್ತಿದ್ದವಳು ಬಾಯಿ ತೆರೆದಳು. ಏಕೆ ಬೇಡ ಎಂದು ಕೇಳಿದರೆ ಹೇಳಲು ಏನೂ ಇರಲಿಲ್ಲವಾದ್ದರಿಂದ, ಒಳಗೆ, ಒಂದು, ಎರಡು ಎಂದು ಎಣಿಕೆ ಮುಂದುವರಿಸಿದಳು. ಹನ್ನೆರಡು ಎದೆ.

ಅದು ಬೀಗದವರ ಜಾಗ. ಆತನಿಗೆ ಬೀಗ ರಿಪೇರಿ ಮಾಡುವ, ಕೀಲಿ ಕತ್ತರಿಸಿ ಕೊಡುವ ಒಂದು ಗೂಡಂಗಡಿಯಿತ್ತು. ಮೊದಲ ದಿನ ಎಲ್ಲರೂ ಪರಿಚಯ ಹೇಳಿಕೊಳ್ಳುವಾಗ 'ನಾನು ಬೀಗದವನು' ಎಂದಿದ್ದಕ್ಕೆ, ಹಿಂದಿನ ಸಾಲಿನ ನಿವೃತ್ತ ಪೋಸ್ಟ್ ಮಾಸ್ಟರು 'ಯಾವ ಕಡೆ ಬೀಗರು, ಗಂಡಿನ ಕಡೆಯೋ ಹೆಣ್ಣಿನ ಕಡೆಯೋ?' ಎಂದು ಕೇಳಿದ್ದರು. ಆತ ಒಂದಿಷ್ಟೂ ನಗದೆ 'ಎರಡೂ ಕಡೆ ಸಾರ್, ಬಾಗಿಲಿಗೆ ಒಳಗೂ ಒಂದು ಹೊರಗೂ ಒಂದು ಇರುತ್ತಲ್ಲ' ಎಂದ. ಅಂದಿನಿಂದ ತರಗತಿಗೆಲ್ಲ ಆತ ಬೀಗರು. ಮಲಗಿದರೆ ಜೇಬಿನಲ್ಲಿ ಕೀಲಿಗೊಂಚಲು ಝಣ್ ಎನ್ನುತ್ತಿತ್ತು. ಅವಳು ಹೇಳಿದ ಮೇಲೆ ದಿನವೂ ಅದನ್ನು ಬಾಗಿಲ ಹೊರಗೆ ಚಪ್ಪಲಿಯೊಳಗೆ ಇಟ್ಟು ಬರುತ್ತಿದ್ದ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಮನೆಯಲ್ಲಿ ಮಲಗುವ ಮುಂಚೆ ಹತ್ತು ನಿಮಿಷ ಮಾಡಿ ಎಂದರೆ, ಮರುದಿನ ಬಂದು 'ಹನ್ನೊಂದು ನಿಮಿಷ ಆಗಿಹೋಯ್ತು ಟೀಚರ್, ತೊಂದರೆ ಇಲ್ಲ ತಾನೆ?' ಎಂದು ಕೇಳುವಷ್ಟು. ಇಂಥವರು ಸಿಕ್ಕಿದರೆ ಯಾವ ಟೀಚರಿಗೆ ಖುಷಿಯಾಗುವುದಿಲ್ಲ? ಅವಳು ಹದಿನಾಲ್ಕು ವರ್ಷ ಒಂದು ಟೆಲಿಫೋನ್ ಕಂಪನಿಯ ದೂರು ವಿಭಾಗದಲ್ಲಿ ಕೂತು, ಮುಖ ಕಾಣದ ಜನರಿಂದ ಬಾಯಿಗೆ ಬಂದಂತೆ ಬೈಸಿಕೊಂಡವಳು. ಅಷ್ಟು ಬೈಗುಳದ ನಡುವೆ ಮೆತ್ತಗಾದ ದನಿಯೊಂದೇ ಅವಳ ಗಳಿಕೆ. ಆ ಕೆಲಸ ಹೋದ ಮೇಲೆ ಇಪ್ಪತ್ತೊಂದು ದಿನದ ಉಸಿರಾಟದ ತರಬೇತಿಯಲ್ಲಿ, ಎಲ್ಲರೂ ದೊಡ್ಡ ಸರ್ ಎಂದು ಕರೆಯುವ ಮುಖ್ಯಸ್ಥರು ಅವಳ ದನಿ ಕೇಳಿ 'ನಿಮಗೆ ಕಲಿಯೋದೇನೂ ಇಲ್ಲ, ಹೇಳಿಕೊಡೋದಷ್ಟೇ ಬಾಕಿ' ಎಂದಿದ್ದರು. ಅದನ್ನು ಅವಳು ನಂಬಿದಳು. ಯಾರಾದರೂ ಹೊಗಳಿ ಎಷ್ಟು ವರ್ಷವಾಗಿತ್ತೋ. ನಂಬಿದ್ದು ಸುಳ್ಳೂ ಆಗಿರಲಿಲ್ಲ. ಪೋಸ್ಟ್ ಮಾಸ್ಟರ ಕೈನಡುಕ ಕಡಿಮೆಯಾಗಿತ್ತು. ಮಗುವನ್ನು ಕಳೆದುಕೊಂಡ ಒಬ್ಬ ನರ್ಸು, ಆರು ತಿಂಗಳ ನಂತರ ಮೊದಲ ಬಾರಿಗೆ ನಾಲ್ಕು ತಾಸು ಒಂದೇ ಸಮ ನಿದ್ದೆ ಮಾಡಿದೆ ಎಂದು ಅವಳ ಕೈ ಹಿಡಿದುಕೊಂಡಿದ್ದಳು.

ಐದು ವಾರದ ಹಿಂದಿನ ಆ ದಿನ ಗುರುವಾರ. ಒಂದು ವಿಮಾ ಕಚೇರಿಯಿಂದ ಹನ್ನೆರಡು ಜನ, ಸುಮ್ಮನೆ ನೋಡಿಹೋಗುತ್ತೇವೆ ಎಂದು ಬಂದು ಗೋಡೆಗುಂಟ ಕೂತಿದ್ದರು. ಅವರಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡಿ ತುಟಿ ಕಚ್ಚಿ ನಗು ತಡೆಯುತ್ತಿದ್ದುದು ಅವಳಿಗೆ ಕಾಣುತ್ತಿತ್ತು. ದೂರು ವಿಭಾಗದಲ್ಲಿದ್ದಾಗ ನಗುವವರು ಕಾಣುತ್ತಿರಲಿಲ್ಲ, ಬೈಗುಳ ಬರೀ ಕಿವಿಗೆ ಬೀಳುತ್ತಿತ್ತು. ಕಣ್ಣಿಗೆ ಬೀಳುವ ಅವಮಾನ ಬೇರೆ ಥರ ಚುಚ್ಚುತ್ತದೆ. ಅಷ್ಟರಲ್ಲಿ ಕಿಟಕಿ ಪಕ್ಕದಲ್ಲಿ ಬೀಗದವರು ಎದ್ದು ಕೂತರು. ಎದೆಯ ಮೇಲೆ ಅಂಗೈ. ಹಣೆಯಲ್ಲಿ ಬೆವರು. ಒಂದು ಕಣ್ಣಿನಲ್ಲಿ ನೀರು ತುಂಬಿತ್ತು. 'ಟೀಚರ್, ಇಲ್ಲಿ ಏನೋ ಹಿಡಿದ ಹಾಗಿದೆ. ಭುಜದ ತನಕ ಬರ್ತಿದೆ' ಎಂದರು. ಅವಳು ಹೋಗಿ ಪಕ್ಕದಲ್ಲಿ ಮಂಡಿಯೂರಿ ಬೆನ್ನ ಮೇಲೆ ಕೈಯಿಟ್ಟಳು. ಅಂಗಿ ಒದ್ದೆಯಾಗಿತ್ತು. ಅದು ಕೈಗೆ ತಿಳಿದಿತ್ತು, ಈಗಲೂ ಆ ಒದ್ದೆ ಅಂಗೈಯಲ್ಲಿ ಇದೆ. ಆದರೆ ಅವಳು ನೋಡುತ್ತಿದ್ದುದು ಗೋಡೆಗುಂಟ ಕೂತವರನ್ನು. 'ಬರಲಿ, ತಡೀಬೇಡಿ' ಎಂದಳು, ಹತ್ತಿರದವನಿಗೆ ಬೇಕಾದದ್ದಕ್ಕಿಂತ ತುಸು ದೊಡ್ಡದಾಗಿ. 'ಇದು ನೋವಲ್ಲ. ಇಷ್ಟು ವರ್ಷ ಒಳಗೇ ಇಟ್ಕೊಂಡಿದ್ದ ದುಃಖ. ಈಗ ದಾರಿ ಸಿಕ್ಕಿದೆ, ಹೊರಗೆ ಬರ್ತಿದೆ.' ಬೀಗದವರು 'ದುಃಖಾನಾ?' ಎಂದರು. ತಮ್ಮದೇ ಮನೆಯಲ್ಲಿ ತಮಗೆ ಗೊತ್ತಿಲ್ಲದ ಒಂದು ಕೋಣೆಯಿದೆ ಎಂದು ಯಾರೋ ಹೇಳಿದ ಹಾಗೆ. 'ಹೌದು. ಮಲಗಿ. ಉಸಿರು ಬಿಡಿ.' ಅವರು ಮಲಗಿದರು. ಗೋಡೆಯ ಪಕ್ಕದ ನಗು ನಿಂತಿತ್ತು. ಒಬ್ಬಾಕೆಯಂತೂ ಕಣ್ಣೊರೆಸಿಕೊಂಡಳು. ಹನ್ನೆರಡರಲ್ಲಿ ಒಂಬತ್ತು ಜನ ಅವತ್ತೇ ಸೇರಿಕೊಂಡರು. ಹೊರಡುವಾಗ ಬೀಗದವರು ಚಪ್ಪಲಿಯೊಳಗಿಂದ ಗೊಂಚಲು ತೆಗೆದುಕೊಂಡು, ಬಾಗಿಲಲ್ಲಿ ನಿಂತು ನಾಚಿಕೊಂಡವರ ಹಾಗೆ 'ನನಗೆ ಅಂಥದ್ದೇನೂ ಇಲ್ಲ ಅಂದ್ಕೊಂಡಿದ್ದೆ ಟೀಚರ್' ಎಂದರು. ಅವಳು ತಿಳಿದವಳ ಹಾಗೆ ನಕ್ಕಳು. ಮರುದಿನ ಪೋಸ್ಟ್ ಮಾಸ್ಟರು ಸುದ್ದಿ ತಂದರು. ಹಿಂದಿನ ದಿನ ಸಂಜೆ ನಾಲ್ಕಕ್ಕೆ, ಗಿರಾಕಿಯೊಬ್ಬನಿಗೆ ಕೀಲಿ ಕತ್ತರಿಸುತ್ತ ನಿಂತಿದ್ದವರು ಹಾಗೇ ಕುಸಿದರಂತೆ, ಮತ್ತೆ ಏಳಲಿಲ್ಲವಂತೆ. ಬಿದ್ದದ್ದೇನನ್ನೋ ಹೆಕ್ಕಲು ಬಗ್ಗಿರಬೇಕು ಎಂದುಕೊಂಡು ಗಿರಾಕಿ ಸ್ವಲ್ಪ ಹೊತ್ತು ಕಾದನಂತೆ.

ಸುದ್ದಿ ಕೇಳಿದ ದಿನ ಅವಳು ಮೊದಲು ಮಾಡಿದ್ದು ಅಳುವುದಲ್ಲ, ಕಪಾಟಿನಲ್ಲಿ ಬೀಗದವರ ಫಾರಂ ಹುಡುಕಿದ್ದು. ಆರೋಗ್ಯದ ತೊಂದರೆ ಎಂಬಲ್ಲಿ 'ಇಲ್ಲ' ಎಂದು ದುಂಡಗೆ ಬರೆದು ಸಹಿ ಹಾಕಿದ್ದರು. ಅದನ್ನು ನೋಡಿ ಎದೆ ಹಗುರಾಯಿತು. ಹಗುರಾಯಿತಲ್ಲ ಎಂಬುದು ಆಮೇಲೆ ಮುಳ್ಳಾಯಿತು. ದೊಡ್ಡ ಸರ್ ಫೋನಿನಲ್ಲಿ 'ಸಹಿ ಇದೆಯಲ್ಲ, ಮತ್ತೇನು? ಯಾರಾದ್ರೂ ಕೇಳಿದ್ರೆ ಬಂದ್ರು, ಮಾಡಿದ್ರು, ಹೋದ್ರು, ಅಷ್ಟೆ. ಮಿಕ್ಕಿದ್ದರ ಬಗ್ಗೆ ಉಸಿರೆತ್ತಬೇಡಿ' ಎಂದರು. ಫೋನಿಟ್ಟ ಮೇಲೆ ಆ ಕೊನೆಯ ಮಾತಿಗೆ ಅವಳಿಗೆ ನಗು ಬಂತು. ಬಂದದ್ದು ನಿಲ್ಲಲಿಲ್ಲ. ಗಂಡ ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಬಚ್ಚಲಿನಿಂದ ಓಡಿಬಂದ. ಅವನು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿರುವವನು, ಯಾವುದನ್ನೂ ತನ್ನ ಅಂಗಡಿಯ ಲೆಕ್ಕದಲ್ಲಿ ಅಳೆಯುವವನು. 'ನೀನೇನು ಡಾಕ್ಟರಾ? ನಾವು ಕನ್ನಡಕ ಕೊಡ್ತೀವಿ. ಹಾಕ್ಕೊಂಡು ಹೋದವರು ಗುಂಡಿಗೆ ಬಿದ್ರೆ ನಾವೇನು ಮಾಡೋಕಾಗುತ್ತೆ?' ಗುಂಡಿ ಇದೆ ಎಂದು ಅವರೇ ಹೇಳಿದಾಗ, ಗುಂಡಿಯಲ್ಲ ಅದು, ದಾರಿ ಎಂದಿದ್ದರೆ? ಅವಳು ಕೇಳಲಿಲ್ಲ. ಎದೆನೋವಿನ ವಿಷಯ ಗಂಡನಿಗೆ ಹೇಳಿದ್ದಳು, ಆದರೆ ಗೋಡೆಗುಂಟ ಕೂತಿದ್ದ ಹನ್ನೆರಡು ಜನರ ವಿಷಯ ಅವನಿಗೂ ಹೇಳಿರಲಿಲ್ಲ. ತಪ್ಪು ತಿಳಿದೆ ಎನ್ನುವುದನ್ನು ಹೇಳಬಹುದು. ನೋಡುವವರಿದ್ದರು, ಅದಕ್ಕೇ ಹಾಗಂದೆ ಎನ್ನುವುದನ್ನು ಯಾವ ಬಾಯಿಂದ ಹೇಳುವುದು?

ಇವತ್ತಿನ ತರಗತಿ ಮುಗಿಯಿತು. ಕೆಳಗಿನ ಪ್ರೆಸ್ಸಿನಲ್ಲಿ ಯಂತ್ರ ಶುರುವಾಗಿ ನೆಲ ಸಣ್ಣಗೆ ಅದುರತೊಡಗಿತು. ಒಬ್ಬೊಬ್ಬರೇ ಎದ್ದು, ಹಗುರಾದ ಮುಖ ಹೊತ್ತು ಮೆಟ್ಟಿಲಿಳಿದರು. ತಡವಾಗಿ ಬಂದ ಹೆಂಗಸು ಮಾತ್ರ ಚಾಪೆಯನ್ನು ಅಂಚಿಗೆ ಅಂಚು ಕೂಡಿಸಿ ಸುತ್ತುತ್ತ ಉಳಿದಳು. 'ಚೆನ್ನಾಗಿತ್ತು' ಎಂದಳು. 'ಒಂದು ಗಳಿಗೆ ನಿದ್ದೆ ಬಂದ ಹಾಗಾಯ್ತು. ನಮ್ಮವರೂ ಹೀಗೇ ಹೇಳೋರು, ವಾರಕ್ಕೆ ಆರು ದಿನ ಈ ಒಂದು ಗಂಟೆ ಸಿಗುತ್ತಲ್ಲ, ಅದೇ ನನ್ನ ಆಸ್ತಿ ಅಂತ.'

'ಯಾರು ನಿಮ್ಮವರು?'

'ಬೀಗದ ಅಂಗಡಿ ಇತ್ತಲ್ಲ.'

ಅವಳು ನೀರು ಬೇಕೆ ಎಂದು ಕೇಳಿದಳು. ಬೇಡ ಎಂದರೂ ಹೋಗಿ ತಂದಳು. ಲೋಟ ಕೊಡುವಾಗ ದೂರು ವಿಭಾಗದ ಮಾತೇ ನಾಲಗೆಗೆ ಬಂತು. ಹದಿನಾಲ್ಕು ವರ್ಷದ ಅಭ್ಯಾಸ. ತಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ, ದಯವಿಟ್ಟು ಹೇಳಿ. ಬಂದೇಬಿಟ್ಟಿತು ಎಂದುಕೊಂಡಳು. ಐದು ವಾರದಿಂದ ಕಾದದ್ದು ಇದಕ್ಕೇ. ಎರಡು ಕೆನ್ನೆಗೆ ಬಾರಿಸಿ ಹೋದರೆ ಮುಗಿಯಿತು.

ಹೆಂಗಸು ಲೋಟವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, 'ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು. ಹೇಳಬಾರದು ಅಂತ ಇದ್ರೆ ಹೇಳಬೇಡಿ' ಎಂದಳು. 'ಅವರ ದುಃಖ ಏನಂತೆ?'

'ಏನು?'

'ಅವತ್ತು ಮಧ್ಯಾಹ್ನ ಊಟಕ್ಕೆ ಬಂದವರು ಸರಿಯಾಗಿ ಉಣ್ಣಲಿಲ್ಲ. ಏನಾಯ್ತು ಅಂದೆ. ಟೀಚರ್ ಹೇಳಿದ್ರು, ನನ್ನ ಒಳಗೆ ತುಂಬಾ ವರ್ಷದ ದುಃಖ ಇದೆಯಂತೆ, ಈಗ ಹೊರಗೆ ಬರ್ತಿದೆಯಂತೆ ಅಂದ್ರು. ನನಗೆ ಮೈ ಉರಿದುಹೋಯ್ತು. ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ, ನನಗೆ ಗೊತ್ತಿಲ್ಲದ್ದು ಯಾವುದೋ ಟೀಚರಿಗೆ ಗೊತ್ತಾ? ಈ ಮನೇಲಿ ನಿಮಗೆ ಏನು ದುಃಖ ಕೊಟ್ಟಿದೀನಿ ಹೇಳಿ ಅಂತ ಶುರು ಮಾಡ್ದೆ. ಅವರು ಇಲ್ಲ ಮಾರಾಯ್ತಿ, ನನಗೂ ಗೊತ್ತಾಗ್ತಿಲ್ಲ, ಯೋಚಿಸ್ತಾ ಇದೀನಿ ಅಂದ್ರು. ಯೋಚಿಸಿ, ಚೆನ್ನಾಗಿ ಯೋಚಿಸಿ, ಸಿಕ್ಕಿದ ಮೇಲೆ ಮನೆಗೆ ಬನ್ನಿ ಅಂದುಬಿಟ್ಟೆ. ಚಪ್ಪಲಿ ಹಾಕ್ಕೊಂಡು ಹೋದ್ರು.' ಹೆಂಗಸು ಲೋಟದೊಳಗೆ ನೋಡಿದಳು. 'ಅದೇ ಕೊನೆ.'

ಆಮೇಲೆ ಆಕೆ ಒಂದೇ ಸಮ ಹೇಳುತ್ತ ಹೋದಳು, ಗಂಟಲು ಎತ್ತರಿಸದೆ. ಅಂಗಡಿಯ ಡ್ರಾಯರುಗಳನ್ನೆಲ್ಲ ಹುಡುಕಿದಳಂತೆ, ಕಾಗದವೋ ಫೋಟೋವೋ ಏನಾದರೂ ಸಿಗುತ್ತದೆಂದು, ಬರೀ ಕೀಲಿ. ಬೇರೆ ಹೆಣ್ಣು ಇರಬಹುದೆ ಎಂದು ಪಕ್ಕದ ಅಂಗಡಿಯವನನ್ನು ಕೇಳಿ ಛೀ ಎನ್ನಿಸಿಕೊಂಡಳಂತೆ. ಕೊನೆಗೆ ಗುಮಾನಿ ಮಗಳ ಮೇಲೆ ಬಂದು ನಿಂತಿತಂತೆ. ಹತ್ತೊಂಬತ್ತರ ಹುಡುಗಿ, ಎರಡು ಸಲ ಒಂದೇ ಪರೀಕ್ಷೆಯಲ್ಲಿ ಫೇಲಾಗಿ ಮನೆಯಲ್ಲಿದ್ದವಳು. 'ಮತ್ತಿನ್ನೇನು ಇರುತ್ತೆ ಅವರಿಗೆ? ನೀನೇ ಆ ದುಃಖ, ನಿಮ್ಮಪ್ಪನ್ನ ತಿಂದ್ಕೊಂಡೆ ಅಂದೆ. ಅಂದದ್ದು ಹದಿನೈದು ದಿನ ಆಯ್ತು. ಅವತ್ತಿಂದ ನನ್ನ ಹತ್ರ ಮಾತಿಲ್ಲ. ಅದಕ್ಕೆ ನಿಮ್ಮನ್ನೇ ಕೇಳೋಣ ಅಂತ ಬಂದೆ. ಅವಳೇ ಅಂತಾದ್ರೂ ಸರಿ, ನಾನೇ ಅಂತಾದ್ರೂ ಸರಿ. ಗೊತ್ತಾದ್ರೆ ಸಾಕು.'

ಕೆಳಗೆ ಯಂತ್ರ ಒಂದೊಂದೇ ಹಾಳೆ ನುಂಗಿ ಉಗುಳುವ ಸದ್ದು. ಅವಳ ಮನಸ್ಸು ಬೇಗ ಬೇಗ ಓಡಿತು, ಸಿಕ್ಕಿಬಿದ್ದ ಕಳ್ಳನ ಮನಸ್ಸಿನಂತೆ. ಒಂದು ದುಃಖ ಕೊಟ್ಟರಾಯಿತು. ಯಾರಿಗೂ ನೋವಾಗದ ದುಃಖ, ಹಳೆಯದು, ಯಾರೂ ಹೋಗಿ ಪರೀಕ್ಷಿಸಲಾಗದ್ದು. ಇದರಿಂದ ಈಕೆಗೂ ಸಮಾಧಾನ, ಆ ಹುಡುಗಿಗೂ ಬಿಡುಗಡೆ, ನನಗೂ. ಇದು ಸುಳ್ಳೇ ಇರಬಹುದು, ಆದರೆ ಸತ್ಯ ಹೇಳಿ ಯಾರನ್ನು ಬದುಕಿಸಬೇಕಾಗಿದೆ? ಅವಳ ಮೆತ್ತಗಿನ ದನಿ ತಾನಾಗಿಯೇ ಹೊರಟಿತು. 'ಚಿಕ್ಕಂದಿನದು ಏನೋ...'

'ಚಿಕ್ಕಂದಿನದಾ?' ಹೆಂಗಸು ತಟ್ಟನೆ ತಲೆಯೆತ್ತಿದಳು. ಕಣ್ಣಲ್ಲಿ ಒಂದು ಹೊಳಪು ಬಂತು. ಅದು ಸಮಾಧಾನದ್ದಾಗಿರಲಿಲ್ಲ. 'ಅವರಣ್ಣನೇ ಹಾಗಾದ್ರೆ. ನನಗೆ ಗೊತ್ತಿತ್ತು. ಅಪ್ಪ ಇಲ್ಲದ ತಮ್ಮನ್ನ ಹೊಡೆದು ಬಡಿದು ದುಡಿಸ್ಕೊಂಡ. ಇನ್ನೂ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದಾನೆ. ನಾಳೇನೇ ಹೋಗಿ ಅವನ ಮಕ್ಕಳು ಮರಿ ಎದುರಿಗೇ ಕೇಳ್ತೀನಿ.'

ಬಿಟ್ಟ ಬಾಣ ಹೋಗಿ ಯಾರಿಗೆ ತಾಗಲಿದೆಯೆಂದು ಆಗ ಅವಳಿಗೆ ಕಂಡಿತು. ವಾರಸುದಾರನಿಲ್ಲದ ದುಃಖ ಎಲ್ಲೂ ಇಲ್ಲ. ಎಂಥದ್ದನ್ನು ಕೊಟ್ಟರೂ ಈ ಹೆಂಗಸು ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಮನೆಮನೆ ತಿರುಗಿ, ಒಬ್ಬರ ಬಾಗಿಲಲ್ಲಿ ಇಳಿಸಿಯೇ ಬರುತ್ತಾಳೆ. ಅವಳು ಚಾಪೆಗಳ ರಾಶಿಯ ಮೇಲೆ ಕೂತಳು.

'ಅಣ್ಣ ಅಲ್ಲ. ಯಾರೂ ಅಲ್ಲ. ಅವರು ನನಗೆ ಯಾವ ದುಃಖಾನೂ ಹೇಳ್ಲಿಲ್ಲ' ಎಂದಳು. 'ಎದೆ ಹಿಡಿದ ಹಾಗಿದೆ ಅಂದ್ರು. ಭುಜಕ್ಕೆ ಬರ್ತಿದೆ ಅಂದ್ರು. ದುಃಖ ಅಂದಿದ್ದು ನಾನು.'

'ನೀವು ಅಂದ್ರೆ? ನಿಮಗೆ ಹೇಗೆ ಗೊತ್ತಾಯ್ತು?'

'ಗೊತ್ತಿರಲಿಲ್ಲ. ಹೊಸಬರು ಹನ್ನೆರಡು ಜನ ಕೂತಿದ್ರು. ಅವರು ನೋಡ್ಲಿ ಅಂತ ಅಂದೆ.'

ಮೊದಲ ಮಾತಿನ ಅರ್ಥ ಮೊದಲು ತಲುಪಿತು. ಹೆಂಗಸಿನ ಮುಖ ಬಿಚ್ಚಿಕೊಂಡಿತು. ಹುಬ್ಬಿನ ಗಂಟು ಸಡಿಲಾಯಿತು, ದವಡೆ ಇಳಿಯಿತು. ಅಂಥ ಮುಖವನ್ನು ಈ ಕೋಣೆಯಲ್ಲಿ ತರಿಸಲು ಅವಳು ಎಷ್ಟೋ ಬೆಳಗುಗಳನ್ನು ಕಳೆದಿದ್ದಳು. 'ಹಾಗಾದ್ರೆ ಅವರಿಗೆ ನಮ್ಮಿಂದ ಏನೂ...' 'ಏನೂ ಇರ್ಲಿಲ್ಲ.' 'ನನ್ನಿಂದಾನೂ?' 'ಇಲ್ಲ.' ಹೆಂಗಸು ಎರಡೂ ಕೆನ್ನೆಗೆ ಅಂಗೈ ಇಟ್ಟುಕೊಂಡು, ನಗುವೋ ಬಿಕ್ಕೋ ತಿಳಿಯದ ಒಂದು ಸದ್ದು ಮಾಡಿದಳು. ಅಂಗೈ ಇನ್ನೂ ಕೆನ್ನೆಯ ಮೇಲಿರುವಾಗಲೇ ಎರಡನೆಯ ಅರ್ಥ ಬಂದು ತಲುಪಿತು. ಕೈ ನಿಧಾನವಾಗಿ ಕೆಳಗಿಳಿಯಿತು.

'ಎದೆ ನೋವು ಅಂದ್ರಾ?'

'ಹೌದು.'

'ಎಷ್ಟು ಹೊತ್ತಿಗೆ?'

'ಏಳು ಗಂಟೆಗೆ. ಬೆಳಿಗ್ಗೆ.'

ಹೆಂಗಸು ಹೆಬ್ಬೆರಳಿನಿಂದ ಬೆರಳ ಗೆಣ್ಣು ಮುಟ್ಟಿ ಎಣಿಸಿದಳು. ಎಂಟು, ಒಂಬತ್ತು, ಹತ್ತು. ತುಟಿ ಅಲುಗುತ್ತಿತ್ತು, ದನಿಯಿರಲಿಲ್ಲ. ನಾಲ್ಕಕ್ಕೆ ಬಂದು ನಿಂತಾಗ ಒಂಬತ್ತು ಗೆಣ್ಣು ಮುಗಿದಿತ್ತು. ಅವಳು ಕಾದಳು. ಹೊಡೆಯಲಿ, ಉಗಿಯಲಿ, ಲೋಟದಲ್ಲಿ ಉಳಿದ ನೀರನ್ನು ಮುಖಕ್ಕೆ ಎರಚಲಿ. ಹೆಂಗಸು ಲೋಟವನ್ನು ಚೆಲ್ಲದ ಹಾಗೆ ಕಿಟಕಿಯಲ್ಲಿಟ್ಟು, ಚಾಪೆಯನ್ನು ತೆಗೆದ ಜಾಗದಲ್ಲೇ ಆನಿಸಿ, 'ಚಪ್ಪಲಿ ಹಾಕ್ಕೊಳ್ಳಿ' ಎಂದಳು. 'ಈ ಮಾತು ನನ್ನ ಮಗಳಿಗೆ ನೀವೇ ಹೇಳ್ಬೇಕು. ನನ್ನ ಬಾಯಿಂದ ಬಂದ್ರೆ ಅವಳು ನಂಬಲ್ಲ.'

ಹೆಂಗಸು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಅಂಗಡಿಗಳು ತೆರೆಯುವ ಹೊತ್ತು. ಶಟರುಗಳು ಏರುತ್ತಿದ್ದವು. ಕೆಲಸಕ್ಕೆ ಹೋಗುವವರು ಅವಳ ಭುಜಕ್ಕೆ ಭುಜ ತಾಗಿಸಿ ಹೋದರು. ಹಿಂದೆ ತಿರುಗಿ ನೋಡದೆ ನಡೆಯುವ ಈಕೆಗೆ ತಾನು ಓಡಿಹೋಗಲಾರೆ ಎಂದು ಅಷ್ಟು ನಂಬಿಕೆಯೆ, ಅಥವಾ ಓಡಿಹೋದರೂ ಅಷ್ಟೇ ಎಂಬ ತಾತ್ಸಾರವೆ? ಒಂದು ತಿರುವಿನಲ್ಲಿ ನಿಜವಾಗಿಯೂ ಓಡಬೇಕೆನ್ನಿಸಿತು. ದೊಡ್ಡ ಸರ್ ಹೇಳಿದ್ದು, ಗಂಡ ಹೇಳಿದ್ದು, ದುಂಡಗಿನ 'ಇಲ್ಲ', ಎಲ್ಲವೂ ನೆನಪಾದವು. ಈ ಹೆಂಗಸಿನ ಹತ್ತಿರ ಸಾಕ್ಷಿಯಿಲ್ಲ, ಇನ್ನೂ ತಡವಾಗಿಲ್ಲ. ಹಾಗೆ ಯೋಚಿಸುತ್ತಲೇ ಅವಳು ಮೂರು ಮಹಡಿ ಹತ್ತಿದ್ದಳು. ಚಪ್ಪಲಿ ಬಿಚ್ಚಿ ಒಳಗೆ ಕಾಲಿಟ್ಟಿದ್ದಳು.

ಹುಡುಗಿ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ತಾಯಿ, 'ಅಪ್ಪನ ಟೀಚರ್ ಬಂದಿದಾರೆ' ಎಂದಷ್ಟೇ ಹೇಳಿ, ಅಡುಗೆಮನೆಯ ಬಾಗಿಲಿಗೆ ಹೋಗಿ ಬೆನ್ನು ಕೊಟ್ಟು ನಿಂತಳು. ಅವಳು ಹೇಳಿದಳು. ಎರಡನೆಯ ಸಲ ಸುಲಭವಾಗಬಹುದು ಎಂದುಕೊಂಡಿದ್ದು ಸುಳ್ಳಾಯಿತು. ಹನ್ನೆರಡು ಜನ ಎಂಬುದನ್ನು ನಿಲ್ಲಿಸಿ ಮತ್ತೆ ಹೇಳಬೇಕಾಯಿತು. ಹುಡುಗಿ ಪೆನ್ಸಿಲನ್ನು ಕೈಯಿಂದ ಬಿಡದೆ ಕೇಳಿದಳು.

'ಆಸ್ಪತ್ರೆಗೆ ಹೋಗಿ ಅಂದಿದ್ರೆ ಅಪ್ಪ ಹೋಗ್ತಿದ್ರಾ?'

'ಹೋಗ್ತಿದ್ರು' ಎಂದಳು. 'ನಾನು ಏನು ಹೇಳಿದ್ರೂ ಮಾಡೋರು.'

ಹುಡುಗಿ ಪುಸ್ತಕದ ಅಂಚಿನಲ್ಲಿ ಗೆರೆ ಎಳೆದಳು. 'ಅಪ್ಪ ನನಗೂ ಹೇಳಿಕೊಟ್ಟಿದ್ರು, ನಾಲ್ಕು ಒಳಗೆ, ಆರು ಹೊರಗೆ. ಪರೀಕ್ಷೆ ಭಯಕ್ಕೆ ಒಳ್ಳೇದು ಅಂತ. ಈಗಲೂ ಮಾಡ್ತೀನಿ. ಅದು ಮಾಡಿದ್ರೇನೇ ನಿದ್ದೆ ಬರೋದು.' ತಲೆಯೆತ್ತಿದಳು. 'ಮಾಡ್ಬಹುದಾ, ಬಿಡಬೇಕಾ?'

ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿ ಬಂದವಳಿಗೆ ಪಾಠದ ಪ್ರಶ್ನೆ. 'ಮಾಡು' ಎಂದಳು, ಮೆತ್ತಗಿಲ್ಲದ, ತನಗೇ ಗುರುತು ಸಿಗದ ದನಿಯಲ್ಲಿ. 'ಅದರಲ್ಲಿ ತಪ್ಪಿಲ್ಲ. ನೋವು ಏನಾದ್ರೂ ಕಂಡ್ರೆ ಮಾತ್ರ ತಕ್ಷಣ ನಿಲ್ಲಿಸಿ ಹೇಳ್ಬೇಕು.'

'ಯಾರಿಗೆ?'

ಹುಡುಗಿಯ ಮಾತಿನಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು.

'ಡಾಕ್ಟರಿಗೆ' ಎಂದಳು ಅವಳು. 'ನನ್ನಂಥವರಿಗಲ್ಲ.'

ಹುಡುಗಿ ತಲೆಯಾಡಿಸಿದಳು, ವಿಳಾಸ ಕೇಳಿ ತಿಳಿದುಕೊಂಡವರ ಹಾಗೆ. ಅಡುಗೆಮನೆಯ ಬಾಗಿಲಿನಿಂದ ತಾಯಿ ಈ ಕಡೆ ತಿರುಗದೆಯೇ 'ಇನ್ನು ನೀವು ಹೊರಡಿ' ಎಂದಳು. ಸಿಟ್ಟಿನಲ್ಲಲ್ಲ. ಕೆಲಸ ಮುಗಿಸಿದವರಿಗೆ ಹೇಳುವ ಹಾಗೆ.

ಹೊರಗೆ ಬಂದು ಅವಳು ಮೇಲಿನ ಮೆಟ್ಟಿಲ ಮೇಲೆ ಕೂತು ಚಪ್ಪಲಿಗೆ ಕಾಲು ತೂರಿಸಿದಳು. ಹಿಂಬದಿಯ ಪಟ್ಟಿಯ ಸಣ್ಣ ಕೊಂಡಿ ತೂತಿಗೆ ಸೇರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು. ಮುಚ್ಚಿದ ಬಾಗಿಲ ಹಿಂದೆ ಹುಡುಗಿಯ ದನಿ ಕೇಳಿಸಿತು, ಆಮೇಲೆ ತಾಯಿಯದು, ಆಮೇಲೆ ಎರಡೂ ಒಟ್ಟಿಗೆ. ಜಗಳವೋ ಅಳುವೋ ತಿಳಿಯಲಿಲ್ಲ. ತಿಳಿಯುವ ಹಕ್ಕೂ ತನಗಿಲ್ಲ, ಎದ್ದು ಹೋಗಬೇಕು ಎಂದುಕೊಂಡಳು. ಚೀಲ ಹಿಡಿದು ಮೆಟ್ಟಿಲೇರಿ ಬರುತ್ತಿದ್ದ ಯಾರೋ ಮುದುಕರು ಅವಳನ್ನು ದಾಟಲು ಜಾಗವಿಲ್ಲದೆ ನಿಂತು, 'ಯಾರು ಬೇಕಿತ್ತಮ್ಮ?' ಎಂದರು.

'ಯಾರೂ ಇಲ್ಲ. ಹೊರಟೆ' ಎಂದಳು ಅವಳು. ಗೋಡೆಗೆ ಒತ್ತಿಕೊಂಡು ಅವರಿಗೆ ದಾರಿ ಬಿಟ್ಟು, ಅಲ್ಲೇ ಕೂತಿದ್ದಳು.